ಆಮೆಯ ಬೆನ್ನು ಒಣಗಿದ ವರ್ಷ

ಫೆಬ್ರುವರಿ 12

ಈ ವಹಿ ಸರಕಾರದ್ದು. ರಿಟೈರಾದ ದಿನ ವಾಪಸು ಕೊಡಬೇಕಿತ್ತು, ಕೊಡಲಿಲ್ಲ. ಮುಂಭಾಗದ ಹಾಳೆಗಳು ನನ್ನದೇ ಕೈಬರಹದಲ್ಲಿ ತುಂಬಿವೆ, 2009ನೇ ಇಸವಿಯ ನೀರಿನ ಮಟ್ಟ. ಅದು ಮುಗಿದ ಕೆಲಸ, ತೆಗೆದು ನೋಡುವ ಜರೂರಿಲ್ಲ. ನಾನು ವಹಿ ತಿರುಗಿಸಿ, ಕಟ್ಟಕಡೆಯ ಖಾಲಿ ಹಾಳೆಯಿಂದ ಮುಂಭಾಗದ ಕಡೆಗೆ ಬರೆಯುತ್ತೇನೆ. ತಾರೀಖು, ಪಟ್ಟಿ, ಮಳೆ, ಷರಾ ಅಂತ ನಾಲ್ಕು ಮನೆ ಗೆರೆ ಹೊಡೆದಿದೆ. ಮೂವತ್ತೊಂದು ವರ್ಷ ಆ ಷರಾ ಮನೆಯಲ್ಲಿ ‘ಏನೂ ಇಲ್ಲ’ ಅಂತ ಬರೆದೆ. ಈಗ ಏನೋ ಇದೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂಕಿ ನೆಟ್ಟಗೆ ಬರುತ್ತವೆ, ಅಕ್ಷರ ಸೊಟ್ಟ. ಓದುವವರು ಯಾರೂ ಇಲ್ಲ, ಸೊಟ್ಟ ಇದ್ದರೆ ಯಾರಪ್ಪನ ಗಂಟು ಹೋಗುತ್ತದೆ.

ಮೊಣಕಾಲು ಕೆಟ್ಟು ವರ್ಷದ ಮೇಲಾಯಿತು. ಇವತ್ತು ಮೂರುಕಲ್ಲು ಗುಡ್ಡ ಹತ್ತಿದೆ. ಮಗಳು ಭಾಗ್ಯ ವರ್ಷದಿಂದ ಹತ್ತಬೇಡ ಅನ್ನುತ್ತಿದ್ದಾಳೆ. ದಿನಾ ಸಂಜೆ ಔಡಲೆಣ್ಣೆ ಬಿಸಿ ಮಾಡಿ ತಾನೇ ತಿಕ್ಕುತ್ತಾಳೆ. ಇವತ್ತು ಅವಳು ಗಿರಣಿಗೆ ಜೋಳ ಒಯ್ದಾಗ ನಾನು ಬಡಿಗೆ ಹಿಡಿದು ಹೊರಟೆ.

ಮೇಲೆ ಡ್ಯಾಮು ಇದ್ದ ಹಾಗೇ ಇದೆ. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ. ಮಳೆಗಾಲದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಏರಿಸಿ ತುಂಬುತ್ತಾರೆ, ಉಳಿದ ದಿನ ಇಳಿಸುತ್ತಾರೆ. ಒಂದು ತೂಬು ಗುಡ್ಡದ ಕೆಳಗಿನ ಪವರ್‌ಹೌಸಿಗೆ, ಇನ್ನೊಂದು ಹನ್ನೊಂದು ಊರಿನ ನಳಕ್ಕೆ. ಗೋಡೆಗೆ ಅಂಟಿಕೊಂಡು ಅರವತ್ತು ಮೆಟ್ಟಿಲು, ಒಂದೊಂದು ಒಂದು ಅಡಿ ಎತ್ತರ. ನನ್ನ ಮೊಣಕಾಲು ತಿಂದದ್ದು ಇವೇ. ಪಕ್ಕದಲ್ಲಿ ಗೇಜಿನ ಪಟ್ಟಿ, ಅದೂ ಅರವತ್ತು ಅಡಿ. ನೀರು ತುಂಬಿದ್ದಾಗ ಪಟ್ಟಿ ಅರವತ್ತು, ಒಣ ಮೆಟ್ಟಿಲು ಸೊನ್ನೆ. ಪಟ್ಟಿ ಐವತ್ತಕ್ಕೆ ಇಳಿದರೆ ಒಣ ಮೆಟ್ಟಿಲು ಹತ್ತು. ಎರಡೂ ಕೂಡಿಸಿದರೆ ಯಾವತ್ತಿದ್ದರೂ ಅರವತ್ತು. ನನ್ನ ನೌಕರಿ ಅಂದರೆ ಈ ಅರವತ್ತು.

ಇವತ್ತು ಪಟ್ಟಿ 31. ಒಣ ಮೆಟ್ಟಿಲು 33.

ವಯಸ್ಸಾಯಿತು. ನಾಳೆ ಮತ್ತೆ ಎಣಿಸಬೇಕು.

ಫೆಬ್ರುವರಿ 13

ಇಳಿಯುತ್ತ ಎಣಿಸಿದೆ, ಹತ್ತುತ್ತ ಎಣಿಸಿದೆ, ಮೆಟ್ಟಿಲಿಗೊಂದು ಹರಳು ಇಟ್ಟು ಎಣಿಸಿದೆ. ಪಟ್ಟಿಯ ಅಂಕಿಗೆ ಕೂಡಿಸಿದರೆ ಅರವತ್ನಾಲ್ಕು.

ಊಟಕ್ಕೆ ಕೂತಾಗ ಹಣಮೇಶನನ್ನು ಕೇಳಿದೆ. ಹಣಮೇಶ ನನ್ನ ತಂಗಿ ಮಾನಮ್ಮನ ಮಗ, ಭಾಗ್ಯಳ ಗಂಡ. ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ನಾನು ಮಾಡುತ್ತಿದ್ದ ಗೇಜಿನ ಕೆಲಸ ಈಗ ಅವನದು. ನನ್ನದು ಸರಕಾರದ ಕೆಲಸ, ಅವನದು ಕಂಪನಿಯ ಹೊರಗುತ್ತಿಗೆ. ಈಗ ಪವರ್‌ಹೌಸು, ಡ್ಯಾಮು ಎರಡನ್ನೂ ಕಂಪನಿಯೇ ನಡೆಸುತ್ತದೆ. ಹನ್ನೊಂದು ವರ್ಷವಾದರೂ ಹುಡುಗ ಕಾಯಂ ಆಗಿಲ್ಲ.

“ಪಟ್ಟಿ ಹೊಸದು ಕಾಣತೈತಲ್ಲೊ. ಯಾವಾಗ ಹಾಕ್ಯಾರ?”

“ದೀಪಾವಳಿ ಮುಂದ, ಮಾಮಾ. ಹಳೇದು ಜಂಗು ತಿಂದಿತ್ತು.”

“ಸರಿ ಹಾಕಿಲ್ಲ. ನಾಲ್ಕು ಅಡಿ ಫರಕ ಬರಾಕತ್ತೈತಿ.”

ಅವನು ರೊಟ್ಟಿ ಮುರಿಯುತ್ತ ನಕ್ಕ. “ನೀವು ಎಣಸೂದು ತಪ್ಪಿರಬೇಕ್ರಿ. ಕಣ್ಣಿಗೆ ಪೊರಿ ಬಂದೈತಿ.”

“ಪೊರಿ ಬಂದಿದ್ದು ಕಣ್ಣಿಗಿ. ಕಾಲಿಗೆ ಬಂದಿಲ್ಲ. ನಾ ಕಾಲಿಲೆ ಎಣಸೀನಿ.”

ಭಾಗ್ಯ ಪುಂಡಿಪಲ್ಯ ಬಡಿಸುತ್ತಿದ್ದವಳು ಸೌಟು ಕುಕ್ಕಿದಳು. “ಅಪ್ಪಾ, ನೀ ಮತ್ತ ಗುಡ್ಡ ಹತ್ತಿದ್ಯಾ? ಬಿದ್ದು ಕಾಲು ಮುರಕೊಂಡ್ರ ಎತ್ತಾಕ ನನಗ ಆಗಂಗಿಲ್ಲ ನೋಡು.”

ಬೈದಳು. ಸಂಜೆ ದಿನಕ್ಕಿಂತ ಹೆಚ್ಚು ಹೊತ್ತು ಎಣ್ಣೆ ತಿಕ್ಕಿದಳು. ಊರಲ್ಲಿ ಇಂಥ ಮಗಳು ಇನ್ನೊಬ್ಬಳಿಲ್ಲ.

ಫೆಬ್ರುವರಿ 16

ಲಾಡ್ಲೇಸಾಬನ ಮನೆಗೆ ಹೋಗಿದ್ದೆ. ಆ ಗೋಡೆ, ಆ ಮೆಟ್ಟಿಲು ಕಟ್ಟಿದ ಗೌಂಡಿಗಳಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಈಗ ಕಣ್ಣು ಕಾಣುವುದಿಲ್ಲ, ಬೆಳಕು ಕತ್ತಲೆ ಅಷ್ಟು ತಿಳಿಯುತ್ತದೆ. ಅವನ ಹೆಂಡತಿ ಜೈತುನಬೀ ಚಹಾ ಕೊಟ್ಟಳು. ಕೇಳುವ ಮೊದಲೇ ಕೊಡುತ್ತಾಳೆ, ನಲವತ್ತು ವರ್ಷದಿಂದ.

“ಪಾವಟಿಗಿ ಒಂದರ ಎತ್ತರ ಹೆಚ್ಚುಕಮ್ಮಿ ಇದ್ದೀತೇನು?” ಅಂತ ಕೇಳಿದೆ.

“ಏ ಅಯ್ಯಣ್ಣ, ನಾಲಿಗಿ ತೊಳಕೊ. ಒಂದು ಬೆರಳು ಫರಕ ಇದ್ರ ನನ್ನ ಕೈ ಕಡಿ.”

ನಲವತ್ತನೆಯ ಮೆಟ್ಟಿಲ ಮೇಲೆ ಅವನು ಒಂದು ಆಮೆ ಕೆತ್ತಿದ್ದಾನೆ. ಸರಕಾರದ ನಿಯಮ ಹೀಗೆ: ಪಟ್ಟಿಯ ಮೇಲೆ ಇಪ್ಪತ್ತು ಅಡಿಗೆ ಒಂದು ಕೆಂಪು ಗೆರೆ. ನೀರು ಆ ಗೆರೆಗೆ ಇಳಿದರೆ ಪವರ್‌ಹೌಸಿನ ತೂಬು ಮುಚ್ಚಬೇಕು. ಗೆರೆಯ ಕೆಳಗಿನ ನೀರು ಕುಡಿಯಲಿಕ್ಕೆ ಮಾತ್ರ, ಜೂನಿನಲ್ಲಿ ಮಿರಗದ ಮಳೆ ಬರುವ ತನಕ. ಕೆಂಪು ಗೆರೆಗೆ ಸರಿಯಾಗಿ ನಲವತ್ತನೆಯ ಮೆಟ್ಟಿಲು. ಓದಲು ಬಾರದವರಿಗೂ ತಿಳಿಯಲಿ ಅಂತ ಲಾಡ್ಲೇಸಾಬ ಆಮೆ ಕೂರಿಸಿದ. ಆಮೆಯ ಬೆನ್ನು ಒಣಗಿದ ದಿನ ಹನ್ನೊಂದು ಊರಿನ ಹೆಂಗಸರು ಬರುತ್ತಿದ್ದರು. ಅರಿಶಿನ ಹಚ್ಚಿ, ಕಾಯಿ ಒಡೆದು, ಒಂದು ಕೊಡ ನೀರನ್ನು ಅದರ ಬೆನ್ನಿಗೆ ಸುರಿಯುತ್ತಿದ್ದರು. ಅವರ ಕಣ್ಣೆದುರೇ ನಾನು ಚಕ್ರ ತಿರುಗಿಸಿ ತೂಬು ಮುಚ್ಚುತ್ತಿದ್ದೆ.

ಮೆಟ್ಟಿಲು ತಪ್ಪಿಲ್ಲ ಅಂದಮೇಲೆ ಪಟ್ಟಿ ತಪ್ಪು. ಪಟ್ಟಿಯನ್ನು ನಾಲ್ಕು ಅಡಿ ಕೆಳಗೆ ಕೂರಿಸಿದ್ದಾರೆ. ಆಮೆ ಒಣಗಿದ ದಿನ ಪಟ್ಟಿ ಇಪ್ಪತ್ನಾಲ್ಕು ತೋರಿಸುತ್ತದೆ, ಪವರ್‌ಹೌಸು ತಿರುಗುತ್ತಲೇ ಇರುತ್ತದೆ, ಕುಡಿಯುವ ನೀರನ್ನು ನಾಲ್ಕು ಅಡಿ ನುಂಗುತ್ತದೆ. ತಳಕ್ಕೆ ಹೋದಂತೆ ಡ್ಯಾಮು ಇಕ್ಕಟ್ಟು, ಮೇಲಿನ ಆ ನಾಲ್ಕು ಅಡಿಯೇ ಹನ್ನೊಂದು ಊರಿಗೆ ಒಂದೂವರೆ ತಿಂಗಳ ನೀರು. ಮೇ ತಿಂಗಳಲ್ಲಿ ನಳಕ್ಕೆ ರಾಡಿ ಬರುತ್ತದೆ, ಆಮೇಲೆ ಅದೂ ಬರುವುದಿಲ್ಲ.

ಪಟ್ಟಿಗೆ ಕೈ ಹಚ್ಚಿದವನ ಕೈ ಉದುರಿ ಬೀಳಲಿ.

ಎದ್ದು ಹೊರಡುವಾಗ ಲಾಡ್ಲೇಸಾಬ ತನ್ನ ಹಳೇ ಮಾತು ತೆಗೆದ. “ಹೈದ್ರಾಬಾದಿನಿಂದ ಮಗ ಫೋನ್ ಮಾಡಿದ್ದ. ಆರೇ ದಿನ ನೋಡು ಅಯ್ಯಣ್ಣ. ಆರೇ ದಿನಕ್ಕ ನನ್ನ ಮಗನ ನೌಕರಿ ತಪ್ಪಿತು.” ಮುದುಕನಿಗೆ ಅದೊಂದೇ ರಾಗ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಫೆಬ್ರುವರಿ 18

ಕಂಪನಿಯ ಸೂಪರ್ವೈಸರ್ ಮಹೇಶಕುಮಾರನಿಗೆ ಮುಖಕ್ಕೇ ಹೇಳಿದೆ. ಇಸ್ತ್ರಿ ಅಂಗಿ, ಬಾಯಲ್ಲಿ ಏಲಕ್ಕಿ. ಖುರ್ಚಿ ಕೊಟ್ಟ, ನೀರು ಕೊಟ್ಟ.

“ಯಜಮಾನ್ರೆ, ಈಗ ಎಲ್ಲಾ ಮಷಿನ್ ಲೆಕ್ಕರಿ. ನಿಮ್ಮ ಕಾಲದಂಗ ಪಾವಟಿಗಿ ಎಣಸೂದು ಇಲ್ಲ.”

“ಮಷಿನ್ನಿಗೆ ಅಂಕಿ ಹೇಳೋದು ಯಾರು? ಆ ಪಟ್ಟಿನ ಹೌದಲ್ಲೊ?”

“ಮೊದ್ಲ ನಿಮ್ಮ ಕಣ್ಣು ತೋರಸ್ಕೋರಿ. ಗಾಡಿ ಬೇಕಂದ್ರ ನಾ ಕಳಸ್ತೀನಿ.”

ಅವನ ಗಾಡಿಗಿಷ್ಟು ಬೆಂಕಿ. ಆ ಖುರ್ಚಿಯನ್ನೇ ಎತ್ತಿ ಅವನ ಮೇಲೆ ಹಾಕಬೇಕೆನಿಸಿತು. ಹಣಮೇಶನ ನೌಕರಿ ನೆನಪಾಗಿ ಬಿಟ್ಟೆ.

ಫೆಬ್ರುವರಿ 21

ಭಾಗ್ಯಳ ಕಾಟಕ್ಕೆ ಶಹಾಪುರಕ್ಕೆ ಹೋಗಿ ಕಣ್ಣು ತೋರಿಸಿದೆ. ಟಂಟಂ ಆಟೋದಲ್ಲಿ ಹನ್ನೆರಡು ಮಂದಿ, ಹದಿಮೂರನೆಯದು ಒಂದು ಆಡು. ಡಾಕ್ಟರು ಗೋಡೆಯ ಮೇಲಿನ ಅಂಕಿ ಓದಿಸಿದ. ಕಟ್ಟಕಡೆಯ ಸಾಲಿನ ತನಕ ಓದಿದೆ. “ಎಡಗಣ್ಣಿಗೆ ಪೊರಿ ಐತ್ರಿ, ಬಲಗಣ್ಣು ಇನ್ನೂ ಹತ್ತು ವರ್ಷ ಚಿಂತಿ ಇಲ್ಲ,” ಅಂದ. ಚೀಟಿಯಲ್ಲಿ ಬರೆಸಿಕೊಂಡು ಬಂದು ಮನೆಯಲ್ಲಿ ಎಲ್ಲರೆದುರು ಇಟ್ಟೆ. ಯಾರೂ ಅದನ್ನು ಎತ್ತಿ ನೋಡಲಿಲ್ಲ.

ಫೆಬ್ರುವರಿ 22

ಮೆಟ್ಟಿಲಿನ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿ ಕೀಲಿ ಜಡಿದಿದ್ದಾರೆ. ‘ಅಪಾಯ’ ಅಂತ ಬೋರ್ಡು. ಹಣಮೇಶನನ್ನು ಕೇಳಿದರೆ, “ಕೀಲಿಕೈ ಕಂಪನಿಯವರ ಹತ್ರ ಐತ್ರಿ ಮಾಮಾ, ನಾ ಮ್ಯಾಲಿಂದ ದುರ್ಬೀನು ಹಿಡದು ನೋಡ್ತೀನಿ,” ಅನ್ನುತ್ತಾನೆ.

ಪಾಪ, ಅವನಿಗೂ ದಗಾ ಮಾಡಿದ್ದಾರೆ. ಹುಡುಗ ಸಾಧು. ಎದುರು ಮಾತಾಡಿದರೆ ಕೆಲಸ ಹೋಗುತ್ತದೆ. ಅವನ ಪರವಾಗಿ ನಾನೇ ಮಾತಾಡಬೇಕು.

ಮಾರ್ಚ್ 2

ಕೀಲಿ. ಮೊಣಕಾಲು. ಬಿಸಿಲು.

ಮಾರ್ಚ್ 6

ನಳದ ಹತ್ತಿರ ಕರೆಮ್ಮ ತಡೆದು ನಿಲ್ಲಿಸಿದಳು. ಆಮೆಯ ದಿನ ಮೊದಲ ಕೊಡ ಯಾವಾಗಲೂ ಅವಳದು. ಅವಳ ಬಾಯಿಗೆ ಹೆದರಿ ನಳದಲ್ಲಿ ನೀರು ಬರುತ್ತದೆ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ.

“ಕಾಕಾ, ಆಮಿ ಇನ್ನೂ ಎದ್ದಿಲ್ಲೇನು? ಹೋದ ವರ್ಷ ಇದ ತಿಂಗಳದಾಗ ಕಾಯಿ ಒಡದಿದ್ವಿ.”

“ಎದ್ದೀತು ತಡಿ.”

“ನಿನ್ನ ಅಳಿಯ ಇನ್ನೂ ಒಂದು ತಿಂಗಳು ಐತಿ ಅಂತಾನ. ಮಳಿ ನೋಡಿದ್ರ ಹೋದ ವರ್ಷಕ್ಕಿಂತ ಕಮ್ಮಿ. ಆಮಿ ಏನು ನೀರಾಗ ಈಜಾಡಾಕತ್ತದೇನು?”

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 9

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ಸಲ ವಹಿ ಮುಚ್ಚಿದೆ.

ಭಾಗ್ಯ ಸುರಪುರದ ಸಂತೆಗೆ ಹೋಗಿದ್ದಳು. ಮೊಣಕಾಲು ಜಗ್ಗುತ್ತಿತ್ತು. ಅವಳು ಬರುವ ತನಕ ಯಾಕೆ ಕಾಯಬೇಕು ಅಂತ ನಾನೇ ಎದ್ದು ಗೋಡೆಯ ಮಾಡದಲ್ಲಿದ್ದ ಔಡಲೆಣ್ಣೆಯ ಶೀಸೆಗೆ ಕೈ ಹಾಕಿದೆ. ಶೀಸೆಯ ಹಿಂದೆ ಒಂದು ಕೀಲಿಕೈ. ಹೊಸದು. ಕೆಂಪು ದಾರ ಕಟ್ಟಿದೆ.

ಡ್ಯಾಮಿನ ಕಬ್ಬಿಣದ ಬಾಗಿಲಿಗೆ ಜಡಿದ ಕೀಲಿಯ ಮೇಲಿನ ಹೆಸರೇ ಅದರ ಮೇಲೂ ಇದೆ.

ಶೀಸೆ ಇದ್ದಲ್ಲಿ ಇಟ್ಟೆ. ಎಣ್ಣೆ ಹಚ್ಚಿಕೊಳ್ಳಲಿಲ್ಲ. ಕೀಲಿಕೈ ನಡುವಿಗೆ ಸಿಕ್ಕಿಸಿಕೊಂಡೆ.

ಮಾರ್ಚ್ 10

ಹೊತ್ತು ಮೂಡುತ್ತಲೇ ಇಳಿದೆ. ಪಟ್ಟಿ 25. ಒಣ ಮೆಟ್ಟಿಲು 39. ಆಮೆ ಇನ್ನು ಒಂದೇ ಮೆಟ್ಟಿಲು ಕೆಳಗೆ, ನೀರಿನೊಳಗೆ ಅದರ ಬೆನ್ನು ಕಾಣುತ್ತಿತ್ತು.

ಪಟ್ಟಿಯ ಬೋಲ್ಟು ನೋಡಿದೆ. ನಾಲ್ಕು ಅಡಿ ಮೇಲೆ ಗೋಡೆಯಲ್ಲಿ ಹಳೇ ತೂತುಗಳಿವೆ, ಸಿಮೆಂಟು ತುಂಬಿ ಮುಚ್ಚಿದ್ದಾರೆ. ಕೆಳಗಿನ ಹೊಸ ಬೋಲ್ಟನ್ನು ಬೆರಳಿನಿಂದ ಸವರಿದೆ. ಬುಡದಲ್ಲಿ ಮೆತ್ತಗೆ ಏನೋ ಇತ್ತು. ಸೈಕಲ್ ಟ್ಯೂಬು ಕತ್ತರಿಸಿ ಉಂಗುರ ಮಾಡಿ ತೊಡಿಸಿದ್ದಾರೆ. ನೀರು ಏರಿ ಇಳಿದರೂ ಬೋಲ್ಟು ತುಕ್ಕು ಹಿಡಿಯಬಾರದು ಅಂತ. ಈ ಇಲಾಜು ಯಾವ ಕಂಪನಿಯವನಿಗೂ ಗೊತ್ತಿಲ್ಲ. ನಾನು ಕಂಡುಹಿಡಿದದ್ದು. ಒಬ್ಬನಿಗೆ ಮಾತ್ರ ಕಲಿಸಿದ್ದೆ.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮನೆಗೆ ಬಂದು ಕೀಲಿಕೈಯನ್ನು ಹಣಮೇಶನ ಚಹಾದ ಬಸಿಯಲ್ಲಿ ಹಾಕಿದೆ. ಭಾಗ್ಯ ಒಲೆಯ ಮುಂದೆ ಇದ್ದಳು, ತಿರುಗಿ ನೋಡಲಿಲ್ಲ.

“ಯಾರ ಹೇಳಿದ್ರೊ?”

“ಮಹೇಶ ಸಾಹೇಬ್ರು,” ಅಂದ. ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. “ಈ ವರ್ಷ ಒಂದು ಸಲ ಅಂದ್ರು. ಯುಗಾದಿ ಆದಮ್ಯಾಲೆ ಕಾಯಂ ಆರ್ಡರ ಕೊಡ್ತೀನಿ ಅಂದಾರ. ಹನ್ನೊಂದು ವರ್ಷ ಆತ್ರಿ ಮಾಮಾ. ರೋಹಿಣಿ ಮಳಿ ಆಗಿಬಿಟ್ರ ಯಾರಿಗೂ ತಿಳಿಯಂಗಿಲ್ಲ.”

“ಆಗಲಿಲ್ಲ ಅಂದ್ರ?”

ಅವನು ತಲೆ ತಗ್ಗಿಸಿ ಬಸಿಯೊಳಗಿನ ಕೀಲಿಕೈ ಎತ್ತಿ ಒರೆಸಿಕೊಂಡ.

“ಹನ್ನೊಂದು ಊರಿಗೆ ದಗಾ ಮಾಡಿದೆಲ್ಲೊ, ಹಲ್ಕಟ್. ಪಟ್ಟಿಗೆ ಕೈ ಹಚ್ಚಿದಿ. ಪಟ್ಟಿ ಅಂದ್ರ ದೇವರು ಅಂತ ನಿನಗ ಕಲಿಸಿದ್ನಿಲ್ಲೊ?”

ಆಗ ಅವನು ತಲೆ ಎತ್ತಿದ. “ಕಲಿಸೀರಿ. 2009ರಾಗ ಅದ ದೇವರನ್ನ ಎರಡು ಅಡಿ ಮ್ಯಾಲೆ ಏರಿಸೀರಿ. ಬೋಲ್ಟು ಬಿಚ್ಚೋ ಪಾನಾ ನಾನ ಹಿಡಿದಿದ್ದೆ. ಟ್ಯೂಬಿನ ಉಂಗುರ ಅವತ್ತ ಕಲಿಸಿದ್ದು ನೀವು.”

ಅದು ಬೇರೆ. ಅವನಿಗೂ ಅದನ್ನೇ ಹೇಳಿದೆ: ಅದು ಬೇರೆ. ಆ ವರ್ಷ ಮೇ ತಿಂಗಳಲ್ಲಿ ಭಾಗ್ಯಳ ಮದುವೆ ಇತ್ತು, ಊರಿಗೆ ನೀರು ಬೇಕಿತ್ತು. ಪಟ್ಟಿ ಏರಿಸಿದರೆ ಅಂಕಿ ಕಮ್ಮಿ ತೋರಿಸುತ್ತದೆ, ಪವರ್‌ಹೌಸು ಒಂಬತ್ತು ದಿನ ಮೊದಲೇ ಬಂದ್ ಆಯಿತು, ನೀರು ಉಳಿಯಿತು. ನಾನು ನೀರು ಉಳಿಸಿದೆ. ಇವನು ನೀರು ಕದ್ದ. ಎರಡೂ ಒಂದೇ ಏನು?

ಭಾಗ್ಯ ಒಲೆಯ ಕಡೆಗೆ ಮುಖ ಮಾಡಿಕೊಂಡೇ ಅಂದಳು: “ನನಗ ಗೊತ್ತಿತ್ತಪ್ಪ. ದೀಪಾವಳಿಯಿಂದ ಗೊತ್ತಿತ್ತು.”

“ಅದಕ್ಕ ಗುಡ್ಡ ಹತ್ತಬ್ಯಾಡ ಅಂತಿದ್ದಿ.”

ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಎದುರಾಡಿದ್ದರೆ ಜಗಳವಾಡುತ್ತಿದ್ದೆ.

ಮಾರ್ಚ್ 11

ದೀಪಾವಳಿಯಿಂದ ಇಲ್ಲಿಗೆ ನೂರು ಸಂಜೆಯ ಮೇಲಾಯಿತು. ಅಷ್ಟೂ ಸಂಜೆ ಎಣ್ಣೆ ತಿಕ್ಕಿದ್ದಾಳೆ. ಯಾವುದು ಕಾಲಿಗೆ, ಯಾವುದು ಕಾವಲಿಗೆ, ಹೇಗೆ ಬೇರೆ ಮಾಡಲಿ? ಅಕ್ಕಿಯಲ್ಲಿ ನುಚ್ಚು ಆರಿಸಿದ ಹಾಗೆ ಆರಿಸಿ ನೋಡಿದೆ. ಆಗಲಿಲ್ಲ.

ಇವತ್ತೂ ಬಿಸಿ ಎಣ್ಣೆ ತಂದಳು. ಕಾಲು ಮಡಚಿಕೊಂಡೆ. ಬಟ್ಟಲು ಇಟ್ಟು ಹೋದಳು. ಎಣ್ಣೆ ಆರಿ ತಣ್ಣಗಾಯಿತು.

ಅವಳ ಅವ್ವ ಸೂಗಮ್ಮ ಬದುಕಿದ್ದರೆ ಇವಳ ಕೆನ್ನೆಗೆ ಬಾರಿಸುತ್ತಿದ್ದಳು. ಆಮೇಲೆ ನನಗೂ ಎರಡು ಮಾತು ಅನ್ನುತ್ತಿದ್ದಳು. ಅವಳಿಗೆ ನಾನು 2009ರದ್ದನ್ನು ಹೇಳಿರಲಿಲ್ಲ.

ಮಾರ್ಚ್ 12

ಲಾಡ್ಲೇಸಾಬನನ್ನು ಗುಡ್ಡಕ್ಕೆ ಕರೆದೊಯ್ಯಬೇಕು. ಆಮೆ ಅವನ ಕೈಯದು. ಒಣಗಿದ ಆಮೆಯ ಮೇಲೆ ಅವನು ಕೈ ಇಟ್ಟು ಇದು ನನ್ನದು ಅಂದರೆ ಯಾವ ಮಷಿನ್ನೂ ಅಲ್ಲ ಅನ್ನುವಂತಿಲ್ಲ. ಅದನ್ನು ಹೇಳಲು ಹೋದೆ.

ಅವನು ನಮಾಜಿಗೆ ಹೋಗಿದ್ದ. ಜೈತುನಬೀ ಚಹಾ ಇಟ್ಟು ಎದುರು ಕೂತಳು.

“ಆ ಪವರ್‌ಹೌಸ್ ಹೆಸರು ಕೇಳಿದ್ರ ನನಗ ಹೊಟ್ಟಿ ಉರೀತೈತಿ ನೋಡಪ್ಪ. ನನ್ನ ಮಗ ಅಲ್ಲಿ ದಿನಗೂಲಿ. ವರ್ಷಕ್ಕ ಇನ್ನೂರ ನಲವತ್ತು ದಿನ ತುಂಬಿದ್ರ ಕಾಯಂ ಮಾಡ್ತೀವಿ ಅಂದಿದ್ರು. ಇನ್ನೂರ ಮೂವತ್ನಾಲ್ಕು ಆಗಿತ್ತು. ಎಂದೂ ಇಲ್ಲದ್ದು ಆ ವರ್ಷ ಅಷ್ಟು ಜಲ್ದಿ ಬಂದ್ ಮಾಡಿಬಿಟ್ರು. ಆರು ದಿನ! ಆರು ದಿನ ಆ ನೀರು ತಡೀಬಾರದಿತ್ತೇನು?”

“ಯಾವ ವರ್ಷ ಅದು?” ಅಂತ ಕೇಳಿದೆ. ಹದಿನಾರು ವರ್ಷದಿಂದ ಈ ಕಥೆ ಕೇಳುತ್ತಿದ್ದೇನೆ. ಒಂದು ಸಲವೂ ಯಾವ ವರ್ಷ ಅಂತ ಕೇಳಿರಲಿಲ್ಲ.

“ನಿನ್ನ ಭಾಗ್ಯಳ ಲಗ್ನದ ವರ್ಷ. ಅಷ್ಟು ಸಂಕಟದಾಗೂ ನಾವು ಬಂದು ಊಟ ಮಾಡಿ ಹೋದ್ವಲ್ಲ.”

ಬಂದಿದ್ದರು. ಲಾಡ್ಲೇಸಾಬ ಬಾಗಿಲಲ್ಲಿ ನಿಂತು ಬೀಗರಿಗೆ ಕೈ ತೊಳೆಯಲು ನೀರು ಹಾಕಿದ್ದ. ತಂಬಿಗೆ ತಂಬಿಗೆ ನೀರು.

ಚಹಾ ಅರ್ಧ ಬಿಟ್ಟು ಬಂದೆ. ಅದು ಬೇರೆ ಅಂತ ಇಲ್ಲಿ ಬರೆಯಬೇಕೆಂದಿದ್ದೆ. ಹಾಳೆಗಳು ಕಮ್ಮಿ ಉಳಿದಿವೆ.

ಮಾರ್ಚ್ 14

ಆಮೆಯ ಬೆನ್ನು ಒಣಗಿತು. ಪಟ್ಟಿ 24, ಮೆಟ್ಟಿಲು 40.

ಬೆಳಿಗ್ಗೆ ನಳದ ಹತ್ತಿರ ಕರೆಮ್ಮನಿಗೆ ಹೇಳಿದೆ. ಅವಳಿಗೆ ಹೇಳಿದರೆ ಡಂಗುರ ಹೊಡೆಸುವ ಖರ್ಚಿಲ್ಲ. ಬಿಸಿಲೇರುವುದರೊಳಗೆ ಎಪ್ಪತ್ತು ಎಂಬತ್ತು ಮಂದಿ ಗುಡ್ಡದ ಮೇಲಿದ್ದರು, ಕೊಡ ಕಾಯಿ ಸಮೇತ. ಲಾಡ್ಲೇಸಾಬನನ್ನು ನಾನು ಕೈ ಹಿಡಿದು ಹತ್ತಿಸಿದೆ. ದಾರಿಯಲ್ಲಿ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಅವನು, “ನಿನ್ನ ಮೊಣಕಾಲು ಕಟಕಟ ಅಂತೈತಲ್ಲೊ, ಎಣ್ಣಿ ಹಚ್ಚೂದಿಲ್ಲೇನು ಮಗಳು?” ಅಂತ ಕೇಳಿದ. ಬಾಯಿ ಮುಚ್ಚಿಕೊಂಡೆ.

ಕಬ್ಬಿಣದ ಬಾಗಿಲ ಹತ್ತಿರ ಮಹೇಶಕುಮಾರ ಅಡ್ಡ ನಿಂತಿದ್ದ. ಹಣಮೇಶ ಅವನ ಹಿಂದೆ. ಕೀಲಿಕೈ ಹಣಮೇಶನ ಕೈಯಲ್ಲಿ. ಕರೆಮ್ಮ ಕೊಡವನ್ನು ಸೊಂಟದಿಂದ ಇಳಿಸದೆ ಅಂದಳು: “ತಮ್ಮಾ, ಆಮಿಗಿ ನೀರು ಹಾಕಿ ಹೋಗ್ತೀವಿ. ಬಾಗಿಲು ತಗೀತಿಯೋ, ನಿನ್ನ ತಲಿ ಮ್ಯಾಲೆ ಹಾಕಿ ಹೋಗ್ಲೊ?”

ಹಣಮೇಶ ಮಹೇಶಕುಮಾರನ ಮುಖ ನೋಡಿದ, ನನ್ನ ಮುಖ ನೋಡಿದ, ಬಾಗಿಲು ತೆಗೆದ.

ಲಾಡ್ಲೇಸಾಬ ನಲವತ್ತು ಮೆಟ್ಟಿಲನ್ನೂ ತಾನೇ ಎಣಿಸುತ್ತ ಇಳಿದ. ನಲವತ್ತಕ್ಕೆ ಕೂತು ಕೈ ಆಡಿಸಿದ. ಚಿಪ್ಪಿನ ಗೆರೆ, ಕಾಲು, ಬಾಲ. “ನಂದ ಐತಿ,” ಅಂದ. “ಬಾಲದ ತುದಿ ಮುರದೈತಿ ನೋಡ್ರಿ, ಅವತ್ತು ಉಳಿ ಜಾರಿತ್ತು. ಬೆನ್ನು ಒಣಗೈತಿ. ತೂಬು ಮುಚ್ಚಬೇಕು.”

ಮಹೇಶಕುಮಾರ ಮೇಲಿನಿಂದ ಕೂಗಿದ: “ಪಟ್ಟಿ ಇಪ್ಪತ್ನಾಲ್ಕು ಅದ. ಪಟ್ಟಿ ತಪ್ಪು ಅಂತ ಹೇಳೋರು ಯಾರು? ಈ ಅಯ್ಯಣ್ಣ? ಇವ್ರು ತಮ್ಮ ಕಾಲದಾಗ ಪಟ್ಟಿ ಕಿತ್ತು ಎರಡು ಅಡಿ ಸರಿಸಿದವ್ರು. ಇವ್ರ ಅಳಿಯನ್ನ ಕೇಳ್ರಿ.”

ಹಣಮೇಶ ಅದನ್ನೂ ಒಪ್ಪಿಸಿದ್ದಾನೆ. ನನ್ನ ರೊಟ್ಟಿ ತಿಂದು, ನನ್ನ ಅಂಗಳದಲ್ಲಿ ಮಲಗಿ, ಅದನ್ನೂ ಆ ಏಲಕ್ಕಿ ಬಾಯಿಯವನಿಗೆ ಒಪ್ಪಿಸಿದ್ದಾನೆ. ಎಲ್ಲರೂ ನನ್ನ ಕಡೆ ತಿರುಗಿದರು. ಸುಳ್ಳು ಅಂದಿದ್ದರೆ ನಂಬುತ್ತಿದ್ದರು. ಸಾಕ್ಷಿ ಏನಿದೆ, ಹಣಮೇಶನ ಮಾತು ಬಿಟ್ಟರೆ? ಅವನನ್ನು ಸುಳ್ಳುಗಾರ ಮಾಡುವುದು ಇವತ್ತು ಬಹಳ ಸುಲಭವಿತ್ತು.

ಲಾಡ್ಲೇಸಾಬ ಆಮೆಯ ಮೇಲಿನ ಕೈ ತೆಗೆಯದೆ ಕೇಳಿದ: “ಅಯ್ಯಣ್ಣ, ಖರೇ ಏನು?”

“ಖರೇ.”

“ಯಾವಾಗ?”

“ಭಾಗ್ಯಳ ಲಗ್ನದ ವರ್ಷ. ಒಂಬತ್ತು ದಿನ ಮೊದಲ ಬಂದ್ ಆತು.”

ಆಮೆಯ ಮೇಲೆ ಅವನ ಬೆರಳುಗಳು ಒಂದೊಂದಾಗಿ ಮಡಚಿದವು. ತುಟಿ ಅಲುಗಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದ ಅಂತ ಕಾಣುತ್ತದೆ.

ಕರೆಮ್ಮ ಮೌನ ತಡೆಯುವವಳಲ್ಲ. “ಮಾವನೂ ಕಳ್ಳ, ಅಳಿಯನೂ ಕಳ್ಳ. ಕಲ್ಲಿನ ಆಮಿ ಒಂದ ಖರೇ,” ಅಂದು ಒಂದು ಕೊಡ ನೀರನ್ನು ಆಮೆಯ ಬೆನ್ನಿಗೆ ಸುರಿದಳು. ಲಾಡ್ಲೇಸಾಬನ ಕೈಯೂ ತೋಯ್ದಿತು. “ಪಟ್ಟಿ ಸರಸಬಹುದು, ಇದನ್ನ ಸರಸ್ರಿ ನೋಡೂಣು. ತೂಬು ಮುಚ್ಚೋ ತನಕ ನಾವು ಇಳಿಯಂಗಿಲ್ಲ.”

ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತುಬಿಟ್ಟರು. ಮಹೇಶಕುಮಾರ ಫೋನು ಹಿಡಿದು ಅತ್ತ ಹೋದ, ಇತ್ತ ಬಂದ. ಮಧ್ಯಾಹ್ನದ ಹೊತ್ತಿಗೆ ಹಣಮೇಶ ಯಾರನ್ನೂ ಕೇಳದೆ ಚಕ್ರದ ಹತ್ತಿರ ಹೋದ. ಒಬ್ಬನಿಗೆ ಅದು ಭಾರ, ನನಗೆ ಗೊತ್ತು. ಕೊನೆಯ ಹತ್ತು ಸುತ್ತು ಜಗ್ಗುವುದಿಲ್ಲ. ನಾನು ಹೋಗಿ ಇನ್ನೊಂದು ಬದಿ ಹಿಡಿದೆ. ಅವನು ನನ್ನನ್ನು ನೋಡಲಿಲ್ಲ, ನಾನೂ ಅವನನ್ನು ನೋಡಲಿಲ್ಲ. ಕೆಳಗೆ ಪವರ್‌ಹೌಸಿನ ಗುಂಯ್ ನಿಂತಿತು.

ಹತ್ತುವಾಗ ಲಾಡ್ಲೇಸಾಬನಿಗೆ ಕೈ ಚಾಚಿದೆ. ಅವನು ಅದನ್ನು ಬಿಟ್ಟು ಕರೆಮ್ಮನ ಹೆಗಲು ಹಿಡಿದುಕೊಂಡು ಹತ್ತಿದ.

ಮಾರ್ಚ್ 15

ಹಣಮೇಶನಿಗೆ ನಾಳೆಯಿಂದ ಬರಬೇಡ ಅಂದಿದ್ದಾರೆ. ಮಹೇಶಕುಮಾರನನ್ನು ಬೇರೆ ಕಡೆ ಕಳಿಸುತ್ತಾರಂತೆ. ಅಂಥವರು ಬೀಳುವುದಿಲ್ಲ, ಬೇರೆ ಕಡೆ ಹೋಗುತ್ತಾರೆ.

ಭಾಗ್ಯ ಬೆಳಿಗ್ಗೆಯಿಂದ ಮಾತಾಡಿಲ್ಲ. ಸಂಜೆ ಬಿಸಿ ಎಣ್ಣೆಯ ಬಟ್ಟಲನ್ನು ನನ್ನ ಹತ್ತಿರ ಕುಕ್ಕಿ ಹೋದಳು. ಅವಳ ಮನೆಯನ್ನು ನಾನು ಮುರಿದಿದ್ದೇನೆ, ಇನ್ನು ಕಾಯುವಂಥದ್ದು ಏನೂ ಇಲ್ಲ. ಆದರೂ ತಂದಿಟ್ಟಳು.

ಹಚ್ಚಿಕೊಂಡೆ.

ಮಾರ್ಚ್ 18

ಪಟ್ಟಿಯನ್ನು ಹಳೇ ಜಾಗಕ್ಕೆ ಏರಿಸಲು ಊರವರು ನನ್ನನ್ನೇ ಕರೆದರು. ಕರೆಮ್ಮ ಪಕ್ಕದಲ್ಲಿ ನಿಂತು ಅಡಿ ಅಡಿಯಾಗಿ ನೋಡಿಕೊಂಡಳು. ಕಳ್ಳನಿಗೆ ಕೀಲಿಕೈ ಕೊಟ್ಟರೆ ಕಾವಲು ಬೇಕೇ ಬೇಕು. ಬೋಲ್ಟು ಬಿಗಿಯುವಾಗ ಪಾನಾ ಹಿಡಿಯಲು ಒಬ್ಬ ಬೇಕಿತ್ತು. ಕೆಲಸ ಕಳೆದುಕೊಂಡವನು ಬರುತ್ತಾನೆಯೇ ಅಂತ ಯೋಚಿಸುತ್ತಿದ್ದೆ. ಹಣಮೇಶ ಬಂದ. ಜೇಬಿನಲ್ಲಿ ಟ್ಯೂಬಿನ ಉಂಗುರ ಕತ್ತರಿಸಿಕೊಂಡೇ ಬಂದಿದ್ದ.

ಪಟ್ಟಿ 20. ಮೆಟ್ಟಿಲು 40. ಅರವತ್ತು.

ಮಾರ್ಚ್ 22

ಇವತ್ತು ವಹಿಯ ಮುಂಭಾಗದ 2009ರ ಹಾಳೆ ತೆಗೆದೆ. ಮಾರ್ಚ್ 9ರಿಂದ ಎಪ್ರಿಲ್ 23ರ ತನಕ, ನಲವತ್ತಾರು ದಿನ. ಅಂಕಿ ಎಷ್ಟು ಚೆಂದ ಬರೆದಿದ್ದೇನೆ, ಒಂದು ಕಡೆಯೂ ಕೈ ನಡುಗಿಲ್ಲ. ಷರಾ ಮನೆಯಲ್ಲಿ ನಲವತ್ತಾರು ಸಲ ‘ಏನೂ ಇಲ್ಲ’. ಒಂದೊಂದು ಅಂಕಿಗೂ ಗೆರೆ ಎಳೆದು ಪಕ್ಕದಲ್ಲಿ ಎರಡು ಕೂಡಿಸಿ ಬರೆದೆ. ಇಪ್ಪತ್ತೊಂಬತ್ತು ಅಲ್ಲ, ಮೂವತ್ತೊಂದು. ಎಪ್ರಿಲ್ 23ಕ್ಕೆ ಇಪ್ಪತ್ತು ಅಲ್ಲ, ಇಪ್ಪತ್ತೆರಡು. ಮಧ್ಯಾಹ್ನದ ತನಕ ಹಿಡಿಯಿತು.

ವಹಿ ತೊಗೊಂಡು ಲಾಡ್ಲೇಸಾಬನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ನನ್ನ ಬಡಿಗೆಯ ಸಪ್ಪಳ ಅವನಿಗೆ ಗೊತ್ತು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕೂತು ಓದಿದೆ. ತಾರೀಖು, ಸುಳ್ಳು ಅಂಕಿ, ಖರೇ ಅಂಕಿ. ನಲವತ್ತಾರು ದಿನ. ನಡುವೆ ಒಮ್ಮೆಯೂ ಸಾಕು ಅನ್ನಲಿಲ್ಲ.

ಮುಗಿದ ಮೇಲೆ ಕೈ ಚಾಚಿ ವಹಿಯ ಹಾಳೆ ಸವರಿದ. ಆಮೇಲೆ ಅಂದ:

“ನನ್ನ ಮಗನಿಗೆ ಆರು ದಿನ ಬೇಕಿತ್ತು. ನೀ ಒಂಬತ್ತು ತೊಗೊಂಡಿ. ಮೂರು ದಿನ ಹೆಚ್ಚಿಗಿ ತೊಗೊಂಡಿ ಅಯ್ಯಣ್ಣ.”

ಜೈತುನಬೀ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋದಳು. ಚಹಾ ಬರಲಿಲ್ಲ.

ಹೊತ್ತು ಮುಳುಗುವ ತನಕ ಕೂತಿದ್ದು ಬಂದೆ. ನಾಳೆಯೂ ಹೋಗಿ ಕೂರುತ್ತೇನೆ. ಬರೆಯಲು ಇನ್ನು ಹಾಳೆ ಇಲ್ಲ. ಇದರ ಮಗ್ಗುಲಿನ ಹಾಳೆ 2009ರದ್ದು.